ಸ್ಲೀವ್, ಬೈಪಾಸ್, ಮಿನಿ ಬೈಪಾಸ್: ಯಾರಿಗೆ ಯಾವುದರ ಅಡ್ಡಪರಿಣಾಮ ಹೆಚ್ಚು?

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಈಗಾಗಲೇ ಮಾಡಿಸಿಕೊಂಡವರನ್ನು. ಒಬ್ಬರು ತೂಕವೂ ಇಳಿಯಿತು, ಯಾವ ತೊಂದರೆಯೂ ಇಲ್ಲ ಅನ್ನುತ್ತಾರೆ. ಇನ್ನೊಬ್ಬರಿಗೆ ರಾತ್ರಿ ಮಲಗಿದರೆ ಗಂಟಲಿಗೆ ಹುಳಿ ನುಗ್ಗುತ್ತದೆ. ಮತ್ತೊಬ್ಬರು ಒಂದು ಹೋಳಿಗೆ ತಿಂದರೂ ಬೆವರಿ, ಎದೆ ಡವಗುಟ್ಟಿ ಮಲಗಿಬಿಡಬೇಕಾಗುತ್ತದೆ. ಎಲ್ಲರೂ ಹೇಳುತ್ತಿರುವುದು ನಿಜವೇ.

ಮಾಡಿದ ಆಪರೇಷನ್ ಬೇರೆ ಬೇರೆ ಎಂಬುದು ಈ ವ್ಯತ್ಯಾಸಕ್ಕೆ ಒಂದು ಕಾರಣ. ಆಪರೇಷನ್ ಟೇಬಲ್ ಮೇಲೆ ಮಲಗಿದ ದೇಹಗಳೂ ಬೇರೆ ಬೇರೆ ಎಂಬುದು ಅಷ್ಟೇ ದೊಡ್ಡ ಕಾರಣ, ಆದರೆ ಅದನ್ನು ಯಾರೂ ಕೇಳುವುದಿಲ್ಲ. ಮೊದಲೇ ಹುಳಿತೇಗು ಇದ್ದವರಲ್ಲಿ ಸ್ಲೀವ್ ಒಂದು ರೀತಿ ವರ್ತಿಸುತ್ತದೆ, ಇಲ್ಲದವರಲ್ಲಿ ಇನ್ನೊಂದು ರೀತಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಮೂವತ್ತೈದರ ಹೆಂಗಸಿಗೆ ಬೈಪಾಸ್ ತರುವ ರಕ್ತಹೀನತೆಯ ಅಪಾಯ ಅರವತ್ತರ ಗಂಡಸಿಗಿಂತ ಬಹಳ ಹೆಚ್ಚು. ಆದ್ದರಿಂದ ಇಲ್ಲಿ ಹೋಲಿಕೆಯನ್ನು ಆಪರೇಷನ್ನಿನ ಹೆಸರಿನಿಂದ ಮಾಡದೆ, ನಿಮ್ಮ ದೇಹದಲ್ಲಿ ಈಗಾಗಲೇ ಇರುವ ತೊಂದರೆಗಳಿಂದ ಶುರುಮಾಡಿ ಮಾಡಿದ್ದೇವೆ.

ಒಳಗೆ ಏನು ಬದಲಾಗುತ್ತದೆ

ಸ್ಲೀವ್‌ನಲ್ಲಿ ಜಠರದ ಸುಮಾರು 75ರಿಂದ 80 ಶೇಕಡಾ ಭಾಗವನ್ನು ಉದ್ದಕ್ಕೆ ಸ್ಟೇಪ್ಲರ್ ಹಾಕಿ ಕತ್ತರಿಸಿ ತೆಗೆಯುತ್ತಾರೆ. ಬಾಳೆಕಾಯಿಯಂಥ ಒಂದು ಕೊಳವೆ ಉಳಿಯುತ್ತದೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ಹುಟ್ಟುವ ಮೇಲ್ಭಾಗವೂ ಹೋಗುವುದರಿಂದ ಹಸಿವು ತಗ್ಗುತ್ತದೆ. ಕರುಳನ್ನು ಮುಟ್ಟುವುದಿಲ್ಲ. ತೆಗೆದ ಭಾಗವನ್ನು ಮತ್ತೆ ಸೇರಿಸಲು ಬರುವುದಿಲ್ಲ.

ರೂ-ಎನ್-ವೈ ಎಂಬ ಹೆಸರಿನ ಸಾಂಪ್ರದಾಯಿಕ ಬೈಪಾಸ್‌ನಲ್ಲಿ ಜಠರದ ತುದಿಯಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳಿನ ಕೆಳಗಿನ ಭಾಗವನ್ನು ಜೋಡಿಸುತ್ತಾರೆ. ಉಳಿದ ಜಠರ ಹೊಟ್ಟೆಯೊಳಗೇ ಇರುತ್ತದೆ, ಆದರೆ ಊಟ ಅದರೊಳಗೆ ಹೋಗುವುದಿಲ್ಲ. ಕರುಳಿನಲ್ಲಿ ಎರಡು ಕಡೆ ಜೋಡಣೆ ಇರುತ್ತದೆ. ಪಿತ್ತರಸ ಬಂದು ಸೇರುವ ಜಾಗ ಚೀಲದಿಂದ ದೂರವಿರುತ್ತದೆ.

ಅಮೆರಿಕದ ಸರ್ಜನ್ ರಾಬರ್ಟ್ ರಟ್ಲೆಜ್ 1997ರಲ್ಲಿ ಆರಂಭಿಸಿದ ಮಿನಿ ಬೈಪಾಸ್‌ನಲ್ಲಿ ಚೀಲ ಉದ್ದ, ಜೋಡಣೆ ಒಂದೇ. ಸಾಮಾನ್ಯವಾಗಿ 150ರಿಂದ 200 ಸೆಂ.ಮೀ. ಕರುಳನ್ನು ಬಿಟ್ಟು ಜೋಡಿಸುತ್ತಾರೆ. ಆಪರೇಷನ್ ಬೇಗ ಮುಗಿಯುತ್ತದೆ, ತೂಕ ಚೆನ್ನಾಗಿ ಇಳಿಯುತ್ತದೆ, ನಮ್ಮ ದೇಶದಲ್ಲಿ ಇದಕ್ಕೆ ಬೇಡಿಕೆಯೂ ಇದೆ. ಆದರೆ ಪಿತ್ತರಸ ಹರಿಯುವ ದಾರಿ ಚೀಲದ ಬಾಯಿಗೆ ತಾಗಿಕೊಂಡೇ ಇರುತ್ತದೆ.

ಎದೆಯುರಿ, ಹುಳಿತೇಗು ಇದ್ದವರು

ಮೂರರ ನಡುವೆ ಅತ್ಯಂತ ಸ್ಪಷ್ಟ ವ್ಯತ್ಯಾಸ ಕಾಣುವುದು ಇಲ್ಲಿ. ಸ್ಲೀವ್ ಆದ ಜಠರ ಕಿರಿದಾದ, ಹಿಗ್ಗದ ಕೊಳವೆ. ಅದರೊಳಗೆ ಒತ್ತಡ ಹೆಚ್ಚು. ಕೆಳಗೆ ಹೊರಬಾಗಿಲಿನ ಸ್ನಾಯು ಮೊದಲಿನಂತೆಯೇ ಬಿಗಿಯಾಗಿರುವುದರಿಂದ ಆಮ್ಲ ಮೇಲಕ್ಕೆ, ಅನ್ನನಾಳಕ್ಕೆ ನುಗ್ಗುತ್ತದೆ. ಕೊಳವೆ ನಡುವೆ ಬಾಗುವ ಕಡೆ ಕಿರಿದಾಗಿದ್ದರೆ ಅಥವಾ ತಿರುಚಿಕೊಂಡಿದ್ದರೆ ತೊಂದರೆ ಇನ್ನೂ ಹೆಚ್ಚು.

ಸ್ವಿಟ್ಜರ್ಲೆಂಡಿನ ಎಸ್‌ಎಂ-ಬಾಸ್ ಅಧ್ಯಯನದಲ್ಲಿ ಮೊದಲೇ ಹುಳಿತೇಗು ಇದ್ದವರನ್ನು ಐದು ವರ್ಷ ಗಮನಿಸಿದಾಗ, ಸ್ಲೀವ್ ಮಾಡಿಸಿಕೊಂಡವರಲ್ಲಿ 31.8 ಶೇಕಡಾ ಜನರಿಗೆ ಅದು ಹೆಚ್ಚಾಗಿತ್ತು. ಬೈಪಾಸ್ ಆದವರಲ್ಲಿ 6.3 ಶೇಕಡಾ ಜನರಿಗೆ ಮಾತ್ರ. ಪೂರ್ತಿ ವಾಸಿಯಾದವರು ಸ್ಲೀವ್‌ನಲ್ಲಿ 25 ಶೇಕಡಾ, ಬೈಪಾಸ್‌ನಲ್ಲಿ 60.4 ಶೇಕಡಾ. ಫಿನ್ಲೆಂಡಿನ ಸ್ಲೀವ್‌ಪಾಸ್ ಅಧ್ಯಯನ ಹತ್ತು ವರ್ಷದ ನಂತರ ಎಂಡೋಸ್ಕೋಪಿ ಮಾಡಿ ನೋಡಿತು: ಅನ್ನನಾಳದ ಉರಿಯೂತ ಸ್ಲೀವ್‌ನಲ್ಲಿ 31 ಶೇಕಡಾ, ಬೈಪಾಸ್‌ನಲ್ಲಿ 7 ಶೇಕಡಾ.

ಈ ಅಂಕಿಗಳನ್ನು ಇನ್ನೊಂದು ಕಡೆಯಿಂದಲೂ ಓದಬೇಕು. ಹತ್ತು ವರ್ಷದ ನಂತರವೂ ಸ್ಲೀವ್ ಆದ ಬಹುಪಾಲು ಜನರಿಗೆ ಉರಿಯೂತ ಇರಲಿಲ್ಲ. ತೊಂದರೆಯಾಗುವವರನ್ನು ಮೊದಲೇ ಗುರುತಿಸುವ ಸಾಧನ ಎಂಡೋಸ್ಕೋಪಿ. ಅನ್ನನಾಳದ ತುದಿಯಲ್ಲಿ ತೀವ್ರ ಹುಣ್ಣು, ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ತುದಿ ಎದೆಯೊಳಗೆ ನುಸುಳಿರುವುದು) ಅಥವಾ ಬ್ಯಾರೆಟ್ ಬದಲಾವಣೆ (ಆಮ್ಲ ತಾಗಿ ಅನ್ನನಾಳದ ಒಳಪದರ ಮಾರ್ಪಟ್ಟಿರುವುದು) ಕಂಡುಬಂದರೆ ಸ್ಲೀವ್ ಬೇಡ, ರೂ-ಎನ್-ವೈ ಬೈಪಾಸ್ ಸೂಕ್ತ. ಹರ್ನಿಯಾ ಚಿಕ್ಕದಿದ್ದರೆ ಸ್ಲೀವ್ ಜೊತೆಗೇ ಹೊಲಿಯುತ್ತಾರೆ. ಆದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಎಂಡೋಸ್ಕೋಪಿ ಇಲ್ಲದೆ ಸ್ಲೀವ್‌ಗೆ ದಿನಾಂಕ ಕೊಟ್ಟರೆ ಯಾಕೆ ಎಂದು ಕೇಳಿ. ಅದೇ ಎಂಡೋಸ್ಕೋಪಿಯಲ್ಲಿ ಎಚ್. ಪೈಲೋರಿ ಎಂಬ ಜಠರದ ಬ್ಯಾಕ್ಟೀರಿಯಾ ಸೋಂಕನ್ನೂ ನೋಡಬಹುದು. ನಮ್ಮಲ್ಲಿ ಅದು ಬಹಳ ಸಾಮಾನ್ಯ, ಆಪರೇಷನ್ನಿಗೆ ಮೊದಲೇ ಮಾತ್ರೆಯಿಂದ ವಾಸಿಮಾಡಿಕೊಳ್ಳುವುದು ಒಳ್ಳೆಯದು.

ಮಿನಿ ಬೈಪಾಸ್‌ನಲ್ಲಿ ಕೆಲವರಿಗೆ ಮೇಲೆ ಬರುವುದು ಆಮ್ಲವಲ್ಲ, ಪಿತ್ತರಸ. ಬಾಯಿ ಕಹಿ, ರಾತ್ರಿ ಹಳದಿ-ಹಸಿರು ವಾಂತಿ. ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ ನುಂಗಿದರೂ ಉರಿ ಹೋಗದಿದ್ದರೆ ಇದನ್ನೇ ಅನುಮಾನಿಸಬೇಕು. ಬಹಳ ದಿನ ಕಾಡಿದರೆ ಇನ್ನೊಂದು ಆಪರೇಷನ್ ಮಾಡಿ ರೂ-ಎನ್-ವೈಗೆ ಬದಲಿಸುತ್ತಾರೆ.

ನೋವಿನ ಮಾತ್ರೆ ಬಿಡಲಾಗದವರು, ತಂಬಾಕು ಬಿಡದವರು

ಎರಡೂ ಬಗೆಯ ಬೈಪಾಸ್‌ನಲ್ಲಿ ಚೀಲಕ್ಕೆ ಜೋಡಿಸಿದ ಕರುಳು ಆಮ್ಲವನ್ನು ತಾಳಿಕೊಳ್ಳುವಂಥದ್ದಲ್ಲ. ಜೋಡಣೆಯ ಅಂಚಿನಲ್ಲಿ ಹುಣ್ಣಾಗಬಹುದು. ರಕ್ತ ಸುರಿಯಬಹುದು, ತೂತಾಗಲೂಬಹುದು. ಈ ಹುಣ್ಣನ್ನು ಕರೆತರುವ ದೊಡ್ಡ ಕಾರಣಗಳು ಸಿಗರೇಟು-ಬೀಡಿ ಮತ್ತು ನೋವಿನ ಮಾತ್ರೆ. ಮಂಡಿನೋವಿಗೆ ದಿನವೂ ಮಾತ್ರೆ ನುಂಗುವವರು, ಸಂಧಿವಾತಕ್ಕೆ ಸ್ಟಿರಾಯ್ಡ್ ಬಿಡಲಾಗದವರು, ಧೂಮಪಾನ ನಿಲ್ಲಿಸುವ ಭರವಸೆ ತಮಗೇ ಇಲ್ಲದವರು ಬೈಪಾಸ್‌ಗೆ ಕೈಹಾಕದಿರುವುದೇ ಮೇಲು. ಹುಳಿತೇಗು ಇಲ್ಲದಿದ್ದರೆ ಅವರಿಗೆ ಸ್ಲೀವ್ ಹೆಚ್ಚು ಕ್ಷಮಿಸುವ ಆಯ್ಕೆ.

ಔಷಧಿ ಅಂಗಡಿಯಲ್ಲಿ ಕೇಳಿದ ತಕ್ಷಣ ಕೈಗೆ ಬರುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಬೆರೆತಿರುತ್ತದೆ. ಬೈಪಾಸ್ ಆದವರು ಹೆಸರು ನೋಡಿ ಕೊಳ್ಳದೆ, ಮಾತ್ರೆ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಬೇಕು. ಬರಿಯ ಪ್ಯಾರಾಸಿಟಮಾಲ್ ಆದರೆ ಸರಿ. ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ತಾವೇ ನಿಲ್ಲಿಸಬಾರದು. ಹೃದ್ರೋಗ ತಜ್ಞರೂ ಸರ್ಜನ್ನರೂ ಮಾತಾಡಿ ತೀರ್ಮಾನಿಸುವ ವಿಷಯ ಅದು.

ಸಿಹಿ ತಿಂದಾಗ

ಡಂಪಿಂಗ್ ಎನ್ನುವ ತೊಂದರೆ ಬೈಪಾಸ್‌ನಲ್ಲಿ ಹೆಚ್ಚು, ಸ್ಲೀವ್‌ನಲ್ಲೂ ಕೆಲವರಿಗೆ ಆಗುತ್ತದೆ. ಸಕ್ಕರೆ ತುಂಬಿದ ಆಹಾರ ಜಠರದಲ್ಲಿ ನಿಲ್ಲದೆ ನೇರ ಕರುಳಿಗೆ ಬಿದ್ದಾಗ ದೇಹದ ನೀರು ಅಲ್ಲಿಗೆ ಹರಿಯುತ್ತದೆ. ತಿಂದ 10ರಿಂದ 30 ನಿಮಿಷದಲ್ಲಿ ಹೊಟ್ಟೆ ಮುರಿತ, ಬೆವರು, ಎದೆಬಡಿತ, ಭೇದಿ. ಪಾಯಸ, ಕಬ್ಬಿನಹಾಲು, ಶರಬತ್ತು ಮುಖ್ಯ ಅಪರಾಧಿಗಳು. ದ್ರವರೂಪದ ಸಿಹಿ ಗಟ್ಟಿ ಸಿಹಿಗಿಂತ ಬೇಗ ಜಾರುತ್ತದೆ.

ತಡವಾಗಿ ಬರುವುದು ಇನ್ನೊಂದು ಬಗೆ. ತಿಂದು 1ರಿಂದ 3 ಗಂಟೆಯಾದ ಮೇಲೆ ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಕುಸಿಯುತ್ತದೆ. ನಡುಕ, ಮಂಕು, ಕೆಲವರಿಗೆ ಪ್ರಜ್ಞೆ ತಪ್ಪುವುದು. ಇದು ಸಾಮಾನ್ಯವಾಗಿ ಆಪರೇಷನ್ ಆದ ಒಂದು ವರ್ಷ ಅಥವಾ ಅದಕ್ಕೂ ತಡವಾಗಿ ಶುರುವಾಗುವುದರಿಂದ ಬಹಳ ಜನ ಇದಕ್ಕೂ ಆಪರೇಷನ್ನಿಗೂ ಸಂಬಂಧ ಕಲ್ಪಿಸುವುದೇ ಇಲ್ಲ. ಆ ಹೊತ್ತಿನಲ್ಲಿ ಗ್ಲೂಕೋಮೀಟರ್‌ನಲ್ಲಿ ಅಳೆದು 54ಕ್ಕಿಂತ ಕೆಳಗೆ ಬಂದರೆ ಬರೆದಿಟ್ಟು ವೈದ್ಯರಿಗೆ ತೋರಿಸಿ. ಬರಿಯ ಅನ್ನ, ಇಡ್ಲಿಯಂಥದ್ದನ್ನು ಒಂಟಿಯಾಗಿ ತಿನ್ನದೆ ಜೊತೆಗೆ ಪ್ರೋಟೀನ್ ಸೇರಿಸುವುದು, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಡುವುದು ಮೊದಲ ಹೆಜ್ಜೆ. ಅದಕ್ಕೂ ಬಗ್ಗದಿದ್ದರೆ ಅಕಾರ್ಬೋಸ್ ಮಾತ್ರೆ ಕೊಡುತ್ತಾರೆ. ಎತ್ತರದಲ್ಲಿ ಕೆಲಸ ಮಾಡುವವರು, ಬಸ್-ಲಾರಿ ಓಡಿಸುವವರು ಬೈಪಾಸ್ ಆರಿಸುವ ಮೊದಲು ಈ ಒಂದು ವಿಷಯವನ್ನು ಸರ್ಜನ್ ಜೊತೆ ಬಿಡಿಸಿ ಮಾತಾಡಬೇಕು.

ಸಕ್ಕರೆ ಕಾಯಿಲೆ ಇರುವವರಲ್ಲಿ ಅಡ್ಡಪರಿಣಾಮದ ರೂಪವೇ ಬೇರೆ. ಆಪರೇಷನ್ ಆದ ದಿನಗಳಲ್ಲೇ ಸಕ್ಕರೆ ಇಳಿಯಲು ಶುರುವಾಗುತ್ತದೆ. ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮುಂದುವರಿಸಿದರೆ ಅಪಾಯಕರ ಕುಸಿತ ಆಗುತ್ತದೆ. ಡಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳನ್ನು ಆಪರೇಷನ್ನಿಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಉಪವಾಸದಲ್ಲಿ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯಕರವಾಗಿ ಏರುವುದು, ಆಗಬಹುದು. ಕಣ್ಣಿನ ಪರದೆಗೆ ಈಗಾಗಲೇ ಹಾನಿಯಾಗಿದ್ದರೆ ಸಕ್ಕರೆ ದಿಢೀರನೆ ಇಳಿದಾಗ ಅದು ಹೆಚ್ಚಬಹುದು. ಹಾಗಾಗಿ ಮೊದಲು ಕಣ್ಣು ಪರೀಕ್ಷೆ. ಕಾಯಿಲೆ ಹತ್ತು ವರ್ಷ ದಾಟಿ ಇನ್ಸುಲಿನ್ ಹಂತಕ್ಕೆ ಬಂದಿದ್ದರೆ ಯಾವ ಆಪರೇಷನ್ ಆದರೂ ಮಾತ್ರೆ ಪೂರ್ತಿ ಬಿಡುವ ಸಾಧ್ಯತೆ ಕಡಿಮೆ ಎಂಬುದನ್ನೂ ತಿಳಿದಿರಬೇಕು.

ರಕ್ತ, ಮೂಳೆ, ನರ

ಕಬ್ಬಿಣಾಂಶ ಹೀರಲು ಆಮ್ಲ ಬೇಕು, ಸಣ್ಣ ಕರುಳಿನ ಮೊದಲ ಭಾಗ ಬೇಕು. ಬೈಪಾಸ್‌ನಲ್ಲಿ ಎರಡೂ ತಪ್ಪಿಹೋಗುತ್ತವೆ. ಬಿ12ಕ್ಕೆ ಜಠರದ ಮೇಲ್ಭಾಗದಲ್ಲಿ ಹುಟ್ಟುವ ಒಂದು ಪ್ರೋಟೀನ್ ಬೇಕು. ಸ್ಲೀವ್‌ನಲ್ಲೂ ಅದು ಕಡಿಮೆಯಾಗುತ್ತದೆ. ಮಾಂಸಾಹಾರ ತಿನ್ನುತ್ತ ಬಂದವರ ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ಬಿ12 ದಾಸ್ತಾನು ಇರುತ್ತದೆ. ನಮ್ಮ ಸಸ್ಯಾಹಾರಿಗಳಲ್ಲಿ ಅನೇಕರಿಗೆ ಆ ದಾಸ್ತಾನು ಆಪರೇಷನ್ನಿಗೆ ಮೊದಲೇ ತಳ ಕಂಡಿರುತ್ತದೆ, ಆದ್ದರಿಂದ ಅವರಲ್ಲಿ ಕೈಕಾಲು ಜೋಮು, ಮರೆವು ಬೇಗ ಕಾಣಿಸಿಕೊಳ್ಳುತ್ತದೆ. ಆಪರೇಷನ್ನಿಗೆ ಮೊದಲೇ ಬಿ12, ಫೆರಿಟಿನ್ (ಕಬ್ಬಿಣದ ದಾಸ್ತಾನು ತೋರಿಸುವ ಅಳತೆ), ವಿಟಮಿನ್ ಡಿ ಪರೀಕ್ಷಿಸಿ ಕೊರತೆ ತುಂಬಿಕೊಂಡರೆ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ.

ಪ್ರಮಾಣಗಳು ಸಾಮಾನ್ಯವಾಗಿ ಹೀಗಿರುತ್ತವೆ: ಬಿ12 ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ ಅಥವಾ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್, ಮುಟ್ಟಾಗುವ ಹೆಂಗಸರಿಗೆ ಮತ್ತು ಬೈಪಾಸ್ ಆದವರಿಗೆ ಕಬ್ಬಿಣಾಂಶ ದಿನಕ್ಕೆ 45ರಿಂದ 60 ಮಿ.ಗ್ರಾಂ.; ಕ್ಯಾಲ್ಸಿಯಂ 1200ರಿಂದ 1500 ಮಿ.ಗ್ರಾಂ.; ವಿಟಮಿನ್ ಡಿ 3000 ಯೂನಿಟ್. ಕ್ಯಾಲ್ಸಿಯಂ ಒಂದೇ ಸಲಕ್ಕೆ ನುಂಗಿದರೆ ದೇಹ ಹೀರುವುದಿಲ್ಲ, 500 ಮಿ.ಗ್ರಾಂ.ನಂತೆ ಭಾಗಮಾಡಬೇಕು. ಸಾಧಾರಣವಾಗಿ ಸಿಗುವ ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಸಿಟ್ರೇಟ್ ಕೇಳಿ ಕೊಳ್ಳಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಯ ನಡುವೆ ಕನಿಷ್ಠ 2 ಗಂಟೆ ಇರಲಿ, ಥೈರಾಯ್ಡ್ ಮಾತ್ರೆಯಿಂದ ಎರಡೂ 4 ಗಂಟೆ ದೂರ ಇರಲಿ. ಕಾಫಿ-ಟೀ ಜೊತೆ ಕಬ್ಬಿಣದ ಮಾತ್ರೆ ನುಂಗಿದರೆ ಹೆಚ್ಚು ಉಪಯೋಗವಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಬೈಪಾಸ್ ನಂತರ ಮೂಳೆ ಸವೆಯುವುದು ಜಾಸ್ತಿ, ಅವರಿಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ. ತಿಳಿಸಾರು-ಅನ್ನದಲ್ಲಿ ಇದು ಸಿಗುವ ಮಾತೇ ಇಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18, 30 ಗ್ರಾಂ ಒಣ ಸೋಯಾದಲ್ಲಿ ಸುಮಾರು 15. ಮೊದಲ ತಿಂಗಳುಗಳಲ್ಲಿ ವೇ ಪ್ರೋಟೀನ್ ಪುಡಿಯಿಲ್ಲದೆ ಸಸ್ಯಾಹಾರಿಗಳು ಈ ಲೆಕ್ಕ ಮುಟ್ಟುವುದು ಕಷ್ಟ. ಮಿನಿ ಬೈಪಾಸ್‌ನಲ್ಲಿ ಈ ಕೊರತೆ ಇನ್ನೂ ದುಬಾರಿಯಾಗುತ್ತದೆ. ಫ್ರಾನ್ಸಿನ ಯೊಮೇಗಾ ಅಧ್ಯಯನದಲ್ಲಿ 200 ಸೆಂ.ಮೀ. ಬಿಟ್ಟು ಜೋಡಿಸಿದ ಮಿನಿ ಬೈಪಾಸ್ ತೂಕ ಇಳಿಸುವುದರಲ್ಲಿ ರೂ-ಎನ್-ವೈಗೆ ಸರಿಸಮವಾಗಿತ್ತು, ಆದರೆ ಭೇದಿ ಮತ್ತು ಪೋಷಣೆಯ ತೊಂದರೆ ಹೆಚ್ಚಿತ್ತು. ದುರ್ವಾಸನೆಯ, ಎಣ್ಣೆ ತೇಲುವ ಮಲ, ಕಾಲು ಊತ ಕಂಡರೆ ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ನೋಡಿಸಬೇಕು. ಹೀಗಾಗಿ ಕಡಿಮೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಇರುವ ಸಸ್ಯಾಹಾರಿಗೆ 200 ಸೆಂ.ಮೀ. ಬಿಡುತ್ತೇವೆ ಎಂದರೆ ಏಕೆ 150 ಸಾಲದು ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ನುಂಗುವ ಅಭ್ಯಾಸ

ಊಟದ ರೀತಿಯೂ ಅಡ್ಡಪರಿಣಾಮವನ್ನು ನಿರ್ಧರಿಸುತ್ತದೆ. ರಾಗಿಮುದ್ದೆಯನ್ನು ಅಗಿಯದೆ ನುಂಗುವುದು ರೂಢಿ. ಸ್ಲೀವ್ ಅಥವಾ ಬೈಪಾಸ್ ಆದವರಲ್ಲಿ ಆ ತುತ್ತು ಸಿಕ್ಕಿಕೊಂಡು ಎದೆ ಹಿಡಿದು, ಬಾಯಿತುಂಬ ಜೊಲ್ಲು ಬಂದು, ವಾಂತಿಯಲ್ಲಿ ಮುಗಿಯುತ್ತದೆ. ಮುದ್ದೆಯೂಟದವರು ಮೊದಲ ತಿಂಗಳುಗಳಲ್ಲಿ ತೆಳುವಾದ ರಾಗಿ ಗಂಜಿಯಲ್ಲೇ ಇರಬೇಕು, ನಂತರವೂ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಚಮಚದಲ್ಲಿ ತಿನ್ನಬೇಕು. ನಾರಿನ ನುಗ್ಗೆಕಾಯಿ, ಕಿತ್ತಳೆಯ ತೊಳೆ ಚೆನ್ನಾಗಿ ಅಗಿಯದೆ ಹೋದರೆ ಉಂಡೆಯಾಗಿ ನಿಲ್ಲಬಹುದು. ಬೇಗ ಬೇಗ ಉಣ್ಣುವವರಿಗೆ ಆಪರೇಷನ್ ಯಾವುದಾದರೂ ವಾಂತಿ ಹೆಚ್ಚು.

ಎಲ್ಲರಿಗೂ ಸಾಮಾನ್ಯವಾದವು

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುತ್ತದೆ. ಬೇರು ಸಾಯುವುದಿಲ್ಲ, ಪ್ರೋಟೀನ್ ಮತ್ತು ಕಬ್ಬಿಣ ಸರಿಯಿದ್ದರೆ ಮತ್ತೆ ಬರುತ್ತದೆ. ವರ್ಷ ಕಳೆದೂ ಉದುರುತ್ತಿದ್ದರೆ ಕೊರತೆ ಹುಡುಕಬೇಕು. ತೂಕ ವೇಗವಾಗಿ ಇಳಿಯುವವರಲ್ಲಿ ಪಿತ್ತಕೋಶದ ಕಲ್ಲು ಸಾಮಾನ್ಯ. ಅದಕ್ಕೇ ಆರು ತಿಂಗಳು ಅರ್ಸೋಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಕೊಡುವುದುಂಟು. ಬೈಪಾಸ್ ಆದ ಮೇಲೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೆ ಮಾಮೂಲಿ ಎಂಡೋಸ್ಕೋಪಿಯಿಂದ ತಲುಪುವುದು ಕಷ್ಟ. ಮೂತ್ರಪಿಂಡದ ಕಲ್ಲಿನ ಇತಿಹಾಸ ಇರುವವರಿಗೂ ಬೈಪಾಸ್ ಸ್ವಲ್ಪ ಪ್ರತಿಕೂಲ. ಮದ್ಯ ಬೇಗ ತಲೆಗೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಚರ್ಮ ಜೋಲುವುದು ವಯಸ್ಸು ಮತ್ತು ಇಳಿದ ಕಿಲೋಗಳ ಮೇಲೆ ನಿಂತಿದೆ.

ತಡಮಾಡಬಾರದ ಲಕ್ಷಣಗಳು

ಸ್ಲೀವ್‌ನ ಉದ್ದ ಸ್ಟೇಪಲ್ ಸಾಲಿನಲ್ಲಿ, ಬೈಪಾಸ್‌ನ ಜೋಡಣೆಯಲ್ಲಿ ಸೋರಿಕೆ ಆಗುವುದು ಅಪರೂಪ, ಆದರೆ ಆಗಿಬಿಟ್ಟರೆ ಜೀವಕ್ಕೆ ಕುತ್ತು. ಮೊದಲ ಎರಡು ವಾರದಲ್ಲಿ ನಾಡಿ 120 ದಾಟಿದರೆ, ಜ್ವರ, ಎಡಭುಜದ ನೋವು, ಉಸಿರಾಟದ ಕಷ್ಟ ಇದ್ದರೆ ಗ್ಯಾಸ್ ಎಂದು ಕಾಯದೆ ಆಪರೇಷನ್ ಆದ ಆಸ್ಪತ್ರೆಗೇ ಹೋಗಬೇಕು. ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು.

ಬೈಪಾಸ್‌ಗೆ ವಿಶೇಷವಾದದ್ದು ಒಳಹರ್ನಿಯಾ. ತೂಕ ಇಳಿದಂತೆ ಕರುಳಿನ ಪೊರೆಯ ಕೊಬ್ಬು ಕರಗಿ, ಆಪರೇಷನ್ನಿನಲ್ಲಿ ಉಂಟಾದ ಸಂದು ಅಗಲವಾಗಿ, ಕರುಳು ಅದರೊಳಗೆ ನುಸುಳುತ್ತದೆ. ಒಂದೆರಡು ವರ್ಷದ ನಂತರ, ಚೆನ್ನಾಗಿ ತೂಕ ಇಳಿದವರಲ್ಲೇ ಇದು ಹೆಚ್ಚು. ಊಟದ ನಂತರ ಬಂದು ಹೋಗುವ, ಬೆನ್ನಿಗೆ ಹರಿಯುವ ಹಿಂಡುವ ನೋವು ಇದರ ಗುರುತು. ಸಿ.ಟಿ. ಸ್ಕ್ಯಾನ್ ಸರಿಯಿದೆ ಎಂದು ಬಂದರೂ ನೋವು ಮರುಕಳಿಸಿದರೆ ಲ್ಯಾಪರೊಸ್ಕೋಪಿಯಿಂದ ಒಳಗೆ ನೋಡಲೇಬೇಕಾಗುತ್ತದೆ. ಗರ್ಭಿಣಿಯರಲ್ಲಿ ಇದನ್ನು ಗರ್ಭದ ನೋವೆಂದು ತಪ್ಪು ತಿಳಿಯುವ ಅಪಾಯವಿದೆ. ಸಂದುಗಳನ್ನು ಹೊಲಿದು ಮುಚ್ಚುತ್ತೀರಾ ಎಂದು ಸರ್ಜನ್ನರನ್ನು ಮೊದಲೇ ಕೇಳಿ.

ಮಗುವಿನ ಯೋಚನೆ ಇರುವ ಹೆಂಗಸರು ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಕಾಯಬೇಕು. ತೂಕ ಇಳಿದಾಗ ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಇದ್ದವರಲ್ಲೂ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಆದರೆ ಬೈಪಾಸ್ ನಂತರ ಗರ್ಭನಿರೋಧಕ ಗುಳಿಗೆಯನ್ನು ನೆಚ್ಚುವಂತಿಲ್ಲ. ಕಾಪರ್-ಟಿಯಂಥ ವಿಧಾನ ಸುರಕ್ಷಿತ. ಮುಂದೆ ಗರ್ಭಿಣಿಯಾದಾಗ ಗ್ಲೂಕೋಸ್ ನೀರು ಕುಡಿಸಿ ಮಾಡುವ ಪರೀಕ್ಷೆ ಡಂಪಿಂಗ್ ತರುತ್ತದೆ. ಅದರ ಬದಲು ಒಂದು ವಾರ ಮನೆಯಲ್ಲೇ ಸಕ್ಕರೆ ಅಳೆದು ನೋಡುತ್ತಾರೆ.

ಯಾವ ಆಪರೇಷನ್ ಆಗಿದೆ, ಯಾವ ದಿನಾಂಕ, ಎಷ್ಟು ಕರುಳು ಬಿಟ್ಟು ಜೋಡಿಸಿದ್ದಾರೆ ಎಂಬುದನ್ನು ಬರೆದ ಚೀಟಿ ಪರ್ಸಿನಲ್ಲಿರಲಿ. ಅದರಲ್ಲಿ ಇನ್ನೊಂದು ಸಾಲು ಬೇಕು. ಎಡೆಬಿಡದೆ ವಾಂತಿಯಾಗುವವರಲ್ಲಿ ಎರಡು-ಮೂರು ವಾರದಲ್ಲೇ ಥಯಾಮಿನ್, ಅಂದರೆ ಬಿ1, ಖಾಲಿಯಾಗುತ್ತದೆ. ಕಣ್ಣು ಅದುರುವುದು, ತೂರಾಡುವ ನಡಿಗೆ, ಗೊಂದಲ ಶುರುವಾಗುತ್ತದೆ. ಈ ಹಂತದಲ್ಲಿ ಸುಸ್ತೆಂದು ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಬರಿಯ ಗ್ಲೂಕೋಸ್ ಡ್ರಿಪ್ ಹಾಕಿದರೆ ಉಳಿದಿರುವ ಬಿ1 ಕೂಡ ಸುಟ್ಟುಹೋಗಿ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ‘ಗ್ಲೂಕೋಸ್ ಡ್ರಿಪ್‌ಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ’ ಎಂಬ ಸಾಲನ್ನು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಮನೆಯವರಿಗೂ ಓದಿ ಹೇಳಿ.